ಶುರು ಮಾಡಿದ ಮೇಲೆ ತಾನೇ ಓಡುವ ಜನರೇಟರ್: ಅಪ್ಪ ಅಡ್ವಾನ್ಸ್ ಕೊಡುವ ಮುಂಚೆ ಇದರ ಇತಿಹಾಸ ಗೊತ್ತಿದ್ದವರು ಹೇಳಿ

ಕೃಷ್ಣಾ ದಂಡೆ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕಬ್ಬು, ಸ್ವಲ್ಪ ಅರಿಷಿಣ. ಬೋರಿಗೆ 5 ಎಚ್‌ಪಿ ಮೋಟರ್ ಇದೆ. ತ್ರೀ ಫೇಸ್ ಕರೆಂಟ್ ಕೆಲವೇ ತಾಸು, ಅದರಲ್ಲೂ ಅರ್ಧ ರಾತ್ರಿ ಪಾಳಿ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಮೋಟರ್ ಸುಟ್ಟರೆ ವೈಂಡಿಂಗ್ ಖರ್ಚು ಬೇರೆ. ಈ ಕಷ್ಟ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈಗ ಅಪ್ಪನಿಗೆ ಒಬ್ಬರು ಒಂದು ಯಂತ್ರ ತೋರಿಸಿದ್ದಾರೆ. ಒಂದು ಎಚ್‌ಪಿ ಮೋಟರ್, ಅದರಿಂದ ಬೆಲ್ಟ್ ಹೋಗಿ ದೊಡ್ಡ ಫ್ಲೈವೀಲ್ (ಭಾರದ ಚಕ್ರ), ಆಚೆ ಕಡೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್. ಶುರು ಮಾಡೋಕೆ ಮಾತ್ರ ಕರೆಂಟ್ ಬೇಕಂತೆ. ಆಮೇಲೆ ಪ್ಲಗ್ ತೆಗೆದರೂ ತಾನೇ ಓಡಿ 10 ಕಿಲೋವ್ಯಾಟ್ ಕೊಡುತ್ತದಂತೆ. ಡೀಸೆಲ್ ಬೇಡ, ಬಿಸಿಲು ಬೇಡ, ಏನೂ ಬೇಡ. ಅರ್ಧ ದುಡ್ಡು ಮೊದಲೇ ಕೊಡಬೇಕು ಅಂತ ಕೇಳಿದ್ದಾರೆ. "ಇದನ್ನು ಟೆಸ್ಲಾ ನೂರು ವರ್ಷದ ಹಿಂದೆಯೇ ಕಂಡುಹಿಡಿದಿದ್ದರು, ದೊಡ್ಡ ಕಂಪನಿಗಳು ಮುಚ್ಚಿಹಾಕಿದವು" ಅಂತ ಹೇಳಿದ್ದಾರೆ. ಅಪ್ಪನಿಗೆ ಈ ಮಾತು ಬಹಳ ಹಿಡಿಸಿದೆ.

ನನಗೆ ಅನುಮಾನ ಇದೆ. ಆದರೆ ಅಪ್ಪನ ಮುಂದೆ ಸುಮ್ನೆ "ಮೋಸ" ಅಂದರೆ ನಡೆಯುವುದಿಲ್ಲ, ಕಾರಣ ಸಮೇತ ಹೇಳಬೇಕು. ಇಂಥ ಯಂತ್ರ ಮಾಡಲು ಹೊರಟವರೆಲ್ಲ ಮೋಸಗಾರರೇ? ಅಥವಾ ಕೆಲವರನ್ನಾದರೂ ನಿಜವಾಗಿ ತುಳಿದರಾ?

ವೈಂಡಿಂಗ್ ಅಂಗಡಿ, ಗೋಕಾಕ

ತಮ್ಮಾ, ಮೊದಲು ಲೆಕ್ಕ ನೋಡು, ಇತಿಹಾಸ ಬಲ್ಲವರು ಆಮೇಲೆ ಹೇಳುತ್ತಾರೆ.

ಒಂದು ಎಚ್‌ಪಿ ಅಂದರೆ 746 ವ್ಯಾಟ್. ಒಳಗೆ ಹೋಗುವುದು ಅಷ್ಟು, ಹೊರಗೆ ಬರುವುದು 10,000 ವ್ಯಾಟ್ ಅನ್ನುತ್ತಿದ್ದಾರೆ. ನಡುವೆ ಇರುವುದು ಒಂದು ಕಬ್ಬಿಣದ ಚಕ್ರ. ಆ ಚಕ್ರ 100 ಕೆಜಿ ತೂಕ, ಎರಡು ಅಡಿ ಅಗಲ, ನಿಮಿಷಕ್ಕೆ 1500 ಸುತ್ತು ಅಂತ ಇಟ್ಟುಕೊಳ್ಳೋಣ. ಅದರಲ್ಲಿ ತುಂಬಿರುವ ಶಕ್ತಿ ಸುಮಾರು 55,000 ಜೂಲ್ (ಜೂಲ್ ಅಂದರೆ ಶಕ್ತಿಯ ಅಳತೆ). ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಅಂದರೆ ಆ ಭಾರಿ ಚಕ್ರದಲ್ಲಿ ಇರುವುದು ಒಂದು ಯೂನಿಟ್ಟಿನ 65ರಲ್ಲಿ ಒಂದು ಪಾಲು ಅಷ್ಟೇ! 10 ಕಿಲೋವ್ಯಾಟ್ ಲೋಡ್ ಹಾಕಿದರೆ ಐದಾರು ಸೆಕೆಂಡಿಗೆ ನಿಂತುಬಿಡುತ್ತದೆ. ಲೋಡ್ ಇಲ್ಲದೆ ಬಿಟ್ಟರೆ ಮಾತ್ರ ಬಹಳ ಹೊತ್ತು ತಿರುಗುತ್ತದೆ. ಜನ ಮರುಳಾಗುವುದು ಇದನ್ನು ನೋಡಿ.

ಫ್ಲೈವೀಲ್ ಕೆಟ್ಟದ್ದಲ್ಲ. ಕಬ್ಬಿನ ಗಾಣದಲ್ಲಿ, ಮೇವು ಕತ್ತರಿಸುವ ಯಂತ್ರದಲ್ಲಿ ಅದು ಬೇಕೇ ಬೇಕು. ಲೋಡ್ ಒಮ್ಮೆಲೇ ಏರಿದಾಗ ಓಟ ಕುಗ್ಗದ ಹಾಗೆ ನೋಡಿಕೊಳ್ಳುತ್ತದೆ. ಅದು ತುಂಬಿಸಿದ್ದನ್ನು ವಾಪಸ್ ಕೊಡುತ್ತದೆ, ಹೊಸದಾಗಿ ಏನನ್ನೂ ಹುಟ್ಟಿಸುವುದಿಲ್ಲ. ಮೋಟರಿನಲ್ಲಿ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಬೆಲ್ಟಿನಲ್ಲಿ, ಬೇರಿಂಗಿನಲ್ಲಿ, ಆಲ್ಟರ್ನೇಟರಿನಲ್ಲಿ ಮತ್ತೊಂದಿಷ್ಟು. ಅಂಗಡಿಗೆ ಬರುವ ಯಾವ ಮೋಟರ್ ಮೈ ಮುಟ್ಟಿದರೂ ಕೈಗೆ ಗೊತ್ತಾಗುತ್ತದೆ, ಆ ಬಿಸಿಯೆಲ್ಲ ನೀನು ದುಡ್ಡು ಕೊಟ್ಟ ಕರೆಂಟೇ.

ಗುಮ್ಮಟದ ಮೇಷ್ಟ್ರು, ವಿಜಯಪುರ

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ವಿಷಯ ನನಗೆ ಬಹಳ ಹತ್ತಿರದ್ದು, ಯಾಕೆಂದರೆ ಇದರ ಹಳೆಯ ಕೊಂಡಿಯೊಂದು ನಮ್ಮ ಕಡೆಗೇ ಬರುತ್ತದೆ. ಭಾಸ್ಕರಾಚಾರ್ಯರು ವಿಜಯಪುರದವರು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ವಿದ್ವಾಂಸರಲ್ಲಿ ಒಮ್ಮತ ಇಲ್ಲ, ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣ ಅನ್ನುವವರೂ ಇದ್ದಾರೆ. ಆ ಜಗಳ ಬಿಡಿ. 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಅವರು ತಾನೇ ತಿರುಗುವ ಒಂದು ಚಕ್ರವನ್ನು ವರ್ಣಿಸಿದ್ದಾರೆ. ಹಗುರ ಮರದ ಚಕ್ರ, ಒಳಗೆ ಟೊಳ್ಳಾದ ಅರಗಳು, ಅವುಗಳಲ್ಲಿ ಅರ್ಧ ಪಾದರಸ ತುಂಬಿ ಬಾಯಿ ಮುಚ್ಚಬೇಕು. ಎರಡು ಕಂಬದ ನಡುವೆ ಇಟ್ಟರೆ ತಿರುಗುತ್ತಲೇ ಇರುತ್ತದೆ ಅಂತ.

ಅದು ಯಾಕೆ ತಿರುಗುವುದಿಲ್ಲ? ಇಳಿಯುವ ಕಡೆ ಪಾದರಸ ಅಂಚಿಗೆ ಸರಿಯುತ್ತದೆ, ಹಾಗಾಗಿ ಆ ಕಡೆಯ ಎಳೆತ ಜಾಸ್ತಿ ಅಂತ ಕಣ್ಣಿಗೆ ಕಾಣುತ್ತದೆ. ಆದರೆ ಅದೇ ಹೊತ್ತಿಗೆ ಏರುವ ಕಡೆಗೆ ಸೇರುವ ಪಾದರಸದ ಪಾಲು ಜಾಸ್ತಿ. ದೂರದ ಲಾಭವನ್ನು ಪಾಲಿನ ನಷ್ಟ ತಿಂದುಹಾಕುತ್ತದೆ. ಮಕ್ಕಳಿಗೆ ಚಿತ್ರ ಬರೆದು ಲೆಕ್ಕ ಹಾಕಿಸಿದರೆ ಅವರೇ ಹೇಳುತ್ತಾರೆ. ಭಾಸ್ಕರರ ದೊಡ್ಡತನಕ್ಕೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ. ಶಕ್ತಿಯ ಲೆಕ್ಕ ಜಗತ್ತಿಗೆ ಗೊತ್ತಾಗಿದ್ದು ಅವರಾದ ಏಳು ಶತಮಾನದ ಮೇಲೆ.

ಯೂರೋಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಚರ್ಚೆಯಾದವನು ಯೋಹಾನ್ ಬೆಸ್ಲರ್. 1712ರಲ್ಲಿ ಜರ್ಮನಿಯ ಗೇರಾದಲ್ಲಿ ಮೊದಲ ಚಕ್ರ ತೋರಿಸಿದ. ಆಮೇಲೆ ಹೆಸ್ಸೆ-ಕಾಸೆಲ್ ದೊರೆ ಕಾರ್ಲ್ ಅವನಿಗೆ ಆಶ್ರಯ ಕೊಟ್ಟ. 1717ರಲ್ಲಿ 12 ಅಡಿ ಚಕ್ರವನ್ನು ಕೋಟೆಯ ಕೋಣೆಯಲ್ಲಿ ಓಡಲು ಬಿಟ್ಟು, ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. 54 ದಿನ ಕಳೆದು ತೆಗೆದಾಗಲೂ ಅದು ತಿರುಗುತ್ತಿತ್ತು ಎಂದು ದಾಖಲೆ. 1721ರಲ್ಲಿ ಗ್ರಾವೆಸಾಂಡೆ ಎಂಬ ದೊಡ್ಡ ಡಚ್ ವಿಜ್ಞಾನಿ ಬಂದು ಹೊರಗಿನಿಂದ ಪರೀಕ್ಷಿಸಿ ಒಪ್ಪಿಕೊಂಡು ನ್ಯೂಟನ್‌ಗೆ ಕಾಗದವನ್ನೂ ಬರೆದ. ಆದರೆ ತನ್ನ ಗುಟ್ಟು ಕದಿಯಲು ನೋಡಿದ ಅಂತ ಸಿಟ್ಟಾಗಿ ಬೆಸ್ಲರ್ ಚಕ್ರವನ್ನೇ ಒಡೆದುಹಾಕಿದ. 1727ರಲ್ಲಿ ಅವನ ಮನೆ ಕೆಲಸದಾಕೆ, ಪಕ್ಕದ ಕೋಣೆಯಿಂದ ನಾವೇ ಸರದಿ ಮೇಲೆ ತಿರುಗಿಸುತ್ತಿದ್ದೆವು ಎಂದು ಹೇಳಿಕೆ ಕೊಟ್ಟಳು. ಬೆಸ್ಲರನ ಪರ ಇರುವವರು ಇವತ್ತಿಗೂ ಅವಳ ಮಾತು ನಂಬುವುದಿಲ್ಲ. ಆದರೆ ಚಕ್ರದ ಒಳಭಾಗ ನೋಡಿದವನು ದೊರೆ ಒಬ್ಬನೇ. ಜಗಳ ಮುಗಿಯದೇ ಇರಲು ಕಾರಣವೇ ಇದು.

ಬನಶಂಕರಿ ಹೊಂಡ, ಬಾದಾಮಿ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ನೀವು ಮುನ್ನೂರು ವರ್ಷದ ಹಿಂದಿನ ಚಕ್ರ ಹಿಡಿದುಕೊಂಡಿದ್ದೀರಿ. ಈಚಿನವರ ಮಾತು ಹೇಳಿ. ಟೆಸ್ಲಾ ಗೋಪುರ ಕಟ್ಟಿಸಿದರು, ಬ್ಯಾಂಕಿನವನು ದುಡ್ಡು ನಿಲ್ಲಿಸಿದ, ಗೋಪುರ ಕೆಡವಿದರು, ಅವರು ತೀರಿಕೊಂಡ ಕೂಡಲೇ ಸರ್ಕಾರ ಕಾಗದಪತ್ರ ಹೊತ್ತುಕೊಂಡು ಹೋಯಿತು. ಇದೆಲ್ಲ ಸುಳ್ಳಾ? ನೀರಿನಿಂದ ಕಾರು ಓಡಿಸುತ್ತೇನೆ ಅಂದ ಅಮೆರಿಕದ ಸ್ಟ್ಯಾನ್ಲಿ ಮೇಯರ್ ಹೋಟೆಲಿನಲ್ಲಿ ಊಟ ಮಾಡುತ್ತಾ ಕುಸಿದು ಸತ್ತರು. ನಮ್ಮ ರಾಜ್ಯದ್ದೇ ಉದಾಹರಣೆ ತಗೊಳ್ಳಿ. ಕೈಗಾ ಅಣು ಯೋಜನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಪರಮಹಂಸ ತಿವಾರಿ ಅವರು ಹಾಕಿದ್ದಕ್ಕಿಂತ ಜಾಸ್ತಿ ಕರೆಂಟ್ ಕೊಡುವ ಜನರೇಟರ್ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದರು. ಅವರೇನು ಬೀದಿ ವ್ಯಾಪಾರಿಯಲ್ಲ, ಓದಿದ ಇಂಜಿನಿಯರ್. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ ಅಷ್ಟೇ ನನ್ನ ಮಾತು.

ಟಿಳಕವಾಡಿ ಗೇಟು, ಬೆಳಗಾವಿ

ಒಂದೇ ಬುಟ್ಟಿಗೆ ಹಾಕಬಾರದು, ಒಪ್ಪುತ್ತೇನೆ. ನಾನು ಅಳತೆ ಉಪಕರಣಗಳ ಕೆಲಸದಲ್ಲಿ ಇರುವವನು, ಒಂದೊಂದಾಗಿ ಹೇಳುತ್ತೇನೆ.

ಟೆಸ್ಲಾ ವಿಷಯದಲ್ಲಿ ನೀವು ಹೇಳಿದ್ದು ಬಹಳ ಮಟ್ಟಿಗೆ ನಿಜ. ನ್ಯೂಯಾರ್ಕ್ ಹತ್ತಿರ ವಾರ್ಡನ್‌ಕ್ಲಿಫ್ ಗೋಪುರದ ಕೆಲಸ 1901ರಲ್ಲಿ ಶುರುವಾಯಿತು, ಎತ್ತರ 187 ಅಡಿ. ನೀವು ಹೇಳಿದ ಬ್ಯಾಂಕಿನವನು ಜೆ.ಪಿ. ಮಾರ್ಗನ್ ಒಂದೂವರೆ ಲಕ್ಷ ಡಾಲರ್ ಕೊಟ್ಟು, ಮತ್ತೆ ಕೊಡಲಿಲ್ಲ. 1917ರಲ್ಲಿ ಕೆಡವಿದರು. 1943ರಲ್ಲಿ ಟೆಸ್ಲಾ ಹೋದ ಮೇಲೆ ಸರ್ಕಾರ ಕಾಗದ ವಶಕ್ಕೆ ತಗೊಂಡಿದ್ದೂ ನಿಜ. ಆದರೆ ಆ ಗೋಪುರ ಕರೆಂಟ್ ಹುಟ್ಟಿಸುವುದಕ್ಕಲ್ಲ, ತಂತಿ ಇಲ್ಲದೆ ಸಂದೇಶವನ್ನೂ ಕರೆಂಟನ್ನೂ ಕಳಿಸುವುದಕ್ಕೆ. ಕರೆಂಟ್ ಮಾತ್ರ ಕಲ್ಲಿದ್ದಲಿನಿಂದಲೋ ನಯಾಗರದಂಥ ಜಲಪಾತದಿಂದಲೋ ಬರಬೇಕಿತ್ತು. 1901ರಲ್ಲಿ ಅವರು ಬೆಳಕು, ವಿಕಿರಣಗಳಿಂದ ಶಕ್ತಿ ಹಿಡಿಯುವ ಪೇಟೆಂಟ್ ಪಡೆದಿದ್ದೂ ಉಂಟು. ಎತ್ತರದಲ್ಲಿ ಒಂದು ಲೋಹದ ಫಲಕ, ಒಂದು ಕೆಪಾಸಿಟರ್. ಅಲ್ಲೂ ಶಕ್ತಿ ಹೊರಗಿನಿಂದಲೇ ಬರುತ್ತದೆ. ಟೆಸ್ಲಾಗೆ ಅನ್ಯಾಯ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಹೆಸರಿನಲ್ಲಿ ಮಾರುತ್ತಿರುವ ಈ ಫ್ಲೈವೀಲ್ ಅವರದ್ದಲ್ಲ.

ಮೇಯರ್ ಸತ್ತಿದ್ದು 1998ರಲ್ಲಿ, ಒಹಾಯೊದಲ್ಲಿ. ಮೆದುಳಿನ ರಕ್ತನಾಳ ಒಡೆದು ಅಂತ ಶವ ಪರೀಕ್ಷೆ ಹೇಳಿತು. ಅದಕ್ಕೂ ಮೊದಲೇ, 1996ರಲ್ಲಿ, ದುಡ್ಡು ಹಾಕಿದ ಇಬ್ಬರು ಕೋರ್ಟಿಗೆ ಹೋಗಿದ್ದರು. ತಜ್ಞರು ಅವರ ಸೆಲ್ ನೋಡಿ ಇದು ಸಾಮಾನ್ಯ ವಿದ್ಯುದ್ವಿಭಜನೆ, ಅಂದರೆ ಕರೆಂಟ್ ಹಾಯಿಸಿ ನೀರಿನಿಂದ ಹೈಡ್ರೋಜನ್ ಬಿಡಿಸುವುದು ಅಷ್ಟೇ ಅಂದರು. ವಂಚನೆ ಎಂದು ತೀರ್ಪಾಗಿ 25,000 ಡಾಲರ್ ವಾಪಸ್ ಕೊಡಲು ಆದೇಶವಾಯಿತು. ಒಂದು ಕೆಜಿ ಹೈಡ್ರೋಜನ್ ಉರಿಸಿದರೆ ಸುಮಾರು 39 ಯೂನಿಟ್ ಬರುತ್ತದೆ, ಅದೇ ಒಂದು ಕೆಜಿಯನ್ನು ನೀರಿನಿಂದ ಬಿಡಿಸಲು ಕಡಿಮೆ ಅಂದರೂ ಅಷ್ಟೇ ಬೇಕು. ಅವರ ಪೇಟೆಂಟುಗಳ ಅವಧಿ ಮುಗಿದಿದೆ. ಯಾರು ಬೇಕಾದರೂ ಓದಿ ಮಾಡಬಹುದು, ಯಾರೂ ತಡೆಯುತ್ತಿಲ್ಲ. ಆದರೂ ಆ ಕಾರು ರಸ್ತೆಗೆ ಬಂದಿಲ್ಲ.

ತಿವಾರಿ ಅವರ ವಿಷಯ ಬೇರೆ. ಅವರು ದುಡ್ಡು ಹೊಡೆಯಲು ಹೊರಟವರಲ್ಲ, ತಮ್ಮ ಸಿದ್ಧಾಂತವನ್ನು ಬರೆದು ಬಹಿರಂಗವಾಗಿಯೇ ಮುಂದಿಟ್ಟರು. 2017ರಲ್ಲಿ ತೀರಿಕೊಂಡರು. ಆದರೆ ಅವರ ಯಂತ್ರವೂ ತನ್ನದೇ ಕರೆಂಟಿನಿಂದ ಓಡುತ್ತಾ ಒಂದು ಊರಿಗೆ ದೀಪ ಕೊಟ್ಟಿಲ್ಲ. ಪ್ರಾಮಾಣಿಕತೆ ಒಂದು, ಅಳತೆ ಸರಿ ಇರುವುದು ಇನ್ನೊಂದು.

ಅಳತೆ ಎಲ್ಲಿ ತಪ್ಪುತ್ತದೆ ಅನ್ನುವುದಕ್ಕೆ ಜೋಸೆಫ್ ನ್ಯೂಮನ್ ಸರಿಯಾದ ಉದಾಹರಣೆ. ಹಾಕಿದ್ದಕ್ಕಿಂತ ಜಾಸ್ತಿ ಕೊಡುತ್ತದೆ ಅಂದ ತಮ್ಮ ಯಂತ್ರಕ್ಕೆ ಪೇಟೆಂಟ್ ಕೊಡಲಿಲ್ಲ ಅಂತ ಅಮೆರಿಕದ ಪೇಟೆಂಟ್ ಕಚೇರಿ ಮೇಲೆ ಕೇಸ್ ಹಾಕಿದ ಮನುಷ್ಯ. ಕೋರ್ಟ್ ಹೇಳಿದ ಮೇಲೆ 1986ರಲ್ಲಿ ಸರ್ಕಾರಿ ಅಳತೆ ಸಂಸ್ಥೆ ಅವರ ಯಂತ್ರವನ್ನು ತಿಂಗಳುಗಟ್ಟಲೆ ಪರೀಕ್ಷಿಸಿತು. ಹಾಕಿದ್ದರಲ್ಲಿ ಶೇ. 26ರಿಂದ 67ರಷ್ಟು ಮಾತ್ರ ಹೊರಬಂತು. ಇಂಥ ಯಂತ್ರಗಳ ಕರೆಂಟ್ ನಯವಾಗಿ ಹರಿಯುವುದಿಲ್ಲ, ಚಿಮ್ಮಿ ಚಿಮ್ಮಿ ಬರುತ್ತದೆ. ಅಗ್ಗದ ಮೀಟರ್ ಅದನ್ನು ತಪ್ಪಾಗಿ ತೋರಿಸುತ್ತದೆ. ಕ್ಲಾಂಪ್ ಮೀಟರ್ ಹಾಕಿ ಆಂಪಿಯರನ್ನು ವೋಲ್ಟಿಗೆ ಗುಣಿಸಿ "ನೋಡಿ ಇಷ್ಟು ವ್ಯಾಟ್" ಅಂದರೆ ನಂಬಬೇಡಿ, ಪವರ್ ಫ್ಯಾಕ್ಟರ್, ಅಂದರೆ ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಲೆಕ್ಕಕ್ಕೆ ಬಂದೇ ಇಲ್ಲ.

ಬನಶಂಕರಿ ಹೊಂಡ, ಬಾದಾಮಿ

ಸರಿ ಸರ್. ಆದರೆ ಪರೀಕ್ಷೆ ಮಾಡುವವರೇ ಬಾಗಿಲು ಹಾಕಿಕೊಂಡರೆ? ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ಇಂಥ ಯಂತ್ರಗಳ ಅರ್ಜಿ ಇನ್ನು ಮುಂದೆ ನೋಡುವುದೇ ಇಲ್ಲ ಅಂತ ಹೇಳಿಬಿಟ್ಟಿತು. ಅದೇ ಅಕಾಡೆಮಿಯ ದೊಡ್ಡವರು ಆಕಾಶದಿಂದ ಕಲ್ಲು ಬೀಳುವುದಿಲ್ಲ ಅಂತಲೂ ಹೇಳಿದ್ದರು! ನಮ್ಮ ಪೇಟೆಂಟ್ ಕಾಯ್ದೆಯಲ್ಲೂ ನಿಸರ್ಗದ ನಿಯಮಕ್ಕೆ ವಿರುದ್ಧವಾದದ್ದಕ್ಕೆ ಪೇಟೆಂಟ್ ಇಲ್ಲ ಅಂತ ಇದೆ. ಹಾಗಾದರೆ ಹೊಸದನ್ನು ತೋರಿಸುವವನು ಎಲ್ಲಿಗೆ ಹೋಗಬೇಕು?

ಗುಮ್ಮಟದ ಮೇಷ್ಟ್ರು, ವಿಜಯಪುರ

ಇದು ಒಳ್ಳೆಯ ಪ್ರಶ್ನೆ, ಹಾರಿಸಿ ಹೋಗುವಂಥದ್ದಲ್ಲ. ಕಲ್ಲಿನ ಕಥೆ ಪೂರ್ತಿ ಹೇಳುತ್ತೇನೆ. 1772ರಲ್ಲಿ ಆ ಅಕಾಡೆಮಿಯ ರಸಾಯನ ವಿಜ್ಞಾನಿ ಲಾವೋಸಿಯೆ ಮತ್ತು ಜೊತೆಯವರು ಆಕಾಶದಿಂದ ಬಿದ್ದಿತು ಎನ್ನುವ ಕಲ್ಲೊಂದನ್ನು ನೋಡಿ, ಇದು ಸಿಡಿಲು ಬಡಿದ ನೆಲದ ಕಲ್ಲು ಅಂದರು. 1803ರಲ್ಲಿ ಲೆಗ್ಲ್ ಎಂಬ ಊರಿನ ಮೇಲೆ ಕಲ್ಲಿನ ಮಳೆಯೇ ಆಯಿತು. ಬಿಯೋ ಎಂಬ ವಿಜ್ಞಾನಿ ಹೋಗಿ, ಹಳ್ಳಿಹಳ್ಳಿ ತಿರುಗಿ, ಜನರ ಮಾತು ಕೇಳಿ, ಕಲ್ಲು ಆರಿಸಿ ವರದಿ ಬರೆದ. ವಿಜ್ಞಾನಿಗಳ ಅಭಿಪ್ರಾಯ ತಿರುಗಿತು. ಕಲ್ಲು ಕೈಗೆ ಸಿಕ್ಕಿತ್ತು, ಯಾರು ಬೇಕಾದರೂ ಒಡೆದು ನೋಡಬಹುದಿತ್ತು. ತಾನೇ ಓಡುವ ಚಕ್ರಕ್ಕೂ ಅಷ್ಟು ಸಾಕು. ಒಂದನ್ನು ಬಿಚ್ಚಿ ತೋರಿಸಿದರೆ ಯಾವ ಅಕಾಡೆಮಿಯೂ ತಡೆಯಲು ಆಗುವುದಿಲ್ಲ.

ಬಾಗಿಲು ಪೂರ್ತಿ ಮುಚ್ಚಿಲ್ಲ ಅನ್ನುವುದಕ್ಕೂ ಸಾಕ್ಷಿ ಇದೆ. 1989ರ ಮಾರ್ಚ್ 23ರಂದು ಪಾನ್ಸ್ ಮತ್ತು ಫ್ಲೈಷ್‌ಮನ್ ಎಂಬ ರಸಾಯನ ವಿಜ್ಞಾನಿಗಳು ಗಾಜಿನ ಪಾತ್ರೆಯಲ್ಲಿ ತಣ್ಣನೆಯ ಸಮ್ಮಿಲನ (ಕೋಲ್ಡ್ ಫ್ಯೂಷನ್, ಸೂರ್ಯನೊಳಗಿನಂತೆ ಪರಮಾಣುಗಳ ನಡುಭಾಗ ಕೂಡಿ ಶಕ್ತಿ ಬರುವುದು, ಆದರೆ ಅಷ್ಟು ಬಿಸಿ ಇಲ್ಲದೆ) ಆಯಿತು ಅಂದಾಗ ಜಗತ್ತಿನ ಲ್ಯಾಬುಗಳೆಲ್ಲ ಓಡಿ ಬಂದು ಪರೀಕ್ಷಿಸಿದವು. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಪಿ.ಕೆ. ಅಯ್ಯಂಗಾರ್ ಅವರೇ ಮುಂದೆ ನಿಂತು ಮಾಡಿಸಿದರು, ಸಮ್ಮಿಲನದ ಗುರುತಾದ ಟ್ರಿಟಿಯಂ, ನ್ಯೂಟ್ರಾನ್ ಕಂಡಿತು ಅಂತ ವರದಿಯನ್ನೂ ಪ್ರಕಟಿಸಿದರು. ಬೇರೆಡೆ ಬಹಳ ಕಡೆ ಕಾಣಲಿಲ್ಲ. 2019ರಲ್ಲಿ ಗೂಗಲ್ ದುಡ್ಡಿನಿಂದ ನಡೆದ ಸಂಶೋಧನೆ ನೇಚರ್ ಪತ್ರಿಕೆಯಲ್ಲಿ ಬಂತು, ಅವರಿಗೂ ಪುರಾವೆ ಸಿಗಲಿಲ್ಲ. ಮೂವತ್ತು ವರ್ಷ ಹುಡುಕಿದ್ದಾರೆ. ಇದನ್ನು ತುಳಿದಿದ್ದು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಜಮಖಂಡಿಯವರ ಯಂತ್ರಕ್ಕೆ ತೀರಾ ಹತ್ತಿರದ ಪ್ರಕರಣ ಒಂದಿದೆ. ಗರಬೇದ್ ಗಿರಗೋಸಿಯನ್ ಎಂಬ ಅರ್ಮೇನಿಯಾ ಮೂಲದವನು ಪುಕ್ಕಟೆ ಶಕ್ತಿ ಕೊಡುತ್ತದೆ ಅಂದ ತನ್ನ ಯಂತ್ರಕ್ಕಾಗಿ ಅಮೆರಿಕದ ಸಂಸತ್ತಿನಲ್ಲಿ ನಿರ್ಣಯವನ್ನೇ ಮಾಡಿಸಿಕೊಂಡ, ಅಧ್ಯಕ್ಷ ವಿಲ್ಸನ್ ಸಹಿ ಹಾಕಿದರು. 1918ರಲ್ಲಿ ವಿಜ್ಞಾನಿಗಳ ಸಮಿತಿ ಹೋಗಿ ನೋಡಿದರೆ ಅದು ಒಂದು ಫ್ಲೈವೀಲ್. ಸಣ್ಣ ಮೋಟರ್ ಅದನ್ನು ನಿಧಾನಕ್ಕೆ ವೇಗಕ್ಕೆ ತರುತ್ತಿತ್ತು, ನಿಲ್ಲಿಸುವಾಗ ಒಮ್ಮೆಲೇ ಬಹಳ ಎಚ್‌ಪಿ ತೋರಿಸುತ್ತಿತ್ತು. ನಿಧಾನಕ್ಕೆ ತುಂಬಿಸಿ ಬೇಗ ಖಾಲಿ ಮಾಡಿದರೆ ಆ ಗಳಿಗೆಯ ಎಚ್‌ಪಿ ದೊಡ್ಡದಾಗಿಯೇ ಕಾಣುತ್ತದೆ. ಅವನು ಮೋಸಗಾರನಲ್ಲ, ಮನಸಾರೆ ನಂಬಿದ್ದ. ಇಂಥವರ ಬಗ್ಗೆ ನನಗೆ ಮರುಕ ಇದೆ.

ಇನ್ನೊಂದು ವಿಷಯ, ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳಲೇಬೇಕು. ಜೂಲ್ ಅಂತ ನಾವು ಯಾರ ಹೆಸರು ಹೇಳುತ್ತೇವೋ ಆ ಮನುಷ್ಯನೂ ಹುಡುಗನಾಗಿದ್ದಾಗ ಮನೆಯ ಬಿಯರ್ ಕಾರ್ಖಾನೆಯ ಉಗಿ ಯಂತ್ರ ಬಿಟ್ಟು ಬ್ಯಾಟರಿ ಮೋಟರ್ ಹಾಕಬೇಕು, ಅದರಿಂದ ಅಪಾರ ಶಕ್ತಿ ಪಡೆಯಬಹುದು ಅಂತ ಕನಸು ಕಂಡವನು. ಅಳೆಯುತ್ತಾ ಹೋದಾಗ ಬ್ಯಾಟರಿಯ ಸತು ಕಲ್ಲಿದ್ದಲಿಗಿಂತ ದುಬಾರಿ ಅಂತ ಗೊತ್ತಾಯಿತು. ಅಲ್ಲಿಗೇ ಬಿಡಲಿಲ್ಲ, ಶಕ್ತಿ ಎಲ್ಲಿಗೆ ಹೋಗುತ್ತದೆ ಅಂತ ಬೆನ್ನು ಹತ್ತಿದ. 1843ರ ಹೊತ್ತಿಗೆ ಇಷ್ಟು ಕೆಲಸಕ್ಕೆ ಇಷ್ಟು ಶಾಖ ಅಂತ ಲೆಕ್ಕ ಕೊಟ್ಟ. 1847ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅದನ್ನು, ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ ಅನ್ನುವ ನಿಯಮವಾಗಿ ಬರೆದ.

ಲಿಂಬೆ ತೋಟ, ಇಂಡಿ

ಮೇಷ್ಟ್ರು ಹೇಳಿದಂಥ ಪ್ರಾಮಾಣಿಕರು ಇರಬಹುದು ಅಣ್ಣಾ. ಆದರೆ ನಾವು ಚಿಕ್ಕವರಿದ್ದಾಗ ಪೇಪರ್ ತುಂಬ ಬಂದಿತ್ತು, ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತಾರೆ ಅಂತ, 1996ರಲ್ಲಿ. ದೊಡ್ಡ ದೊಡ್ಡವರೇ ನಂಬಿದ್ದರು. ಕಡೆಗೆ 2016ರಲ್ಲಿ ಚೆನ್ನೈ ಕೋರ್ಟ್ ಮೂರು ವರ್ಷ ಜೈಲು ಹಾಕಿತು. ಇಪ್ಪತ್ತು ವರ್ಷ ಬೇಕಾಯಿತು ನೋಡಿ! ಅಡ್ವಾನ್ಸ್ ಹೋದರೆ ವಾಪಸ್ ಬರುವ ಹೊತ್ತಿಗೆ ನಿಮ್ಮ ಅಪ್ಪನಿಗೆ ಎಷ್ಟು ವಯಸ್ಸಾಗಿರುತ್ತದೆ? ಕೊಡಬೇಡಿ.

ವೈಂಡಿಂಗ್ ಅಂಗಡಿ, ಗೋಕಾಕ

ಇಂಧನ ಇಲ್ಲದೆ ಯಂತ್ರ ಓಡುವುದೇ ಇಲ್ಲ ಅಂತ ಯಾರೂ ತಿಳಿಯಬಾರದು. ನಮ್ಮ ಗೋಕಾಕ ಫಾಲ್ಸಿನ ಗಿರಣಿ 1887ರಲ್ಲೇ ಘಟಪ್ರಭೆಯ ನೀರಿನ ಬಲದಿಂದ ಓಡಿತು, ಕಲ್ಲಿದ್ದಲು ಬೇಕಾಗಿರಲಿಲ್ಲ. ಆಲಮಟ್ಟಿ 290 ಮೆಗಾವ್ಯಾಟ್ ಕೊಡುತ್ತದೆ. ಸವದತ್ತಿ ಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ನಿಂತಿವೆ. ಅಲ್ಲೆಲ್ಲ ನೀರು ಬೀಳುವುದು, ಗಾಳಿ ಬೀಸುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಮಾರುವವನನ್ನು ಒಂದೇ ಕೇಳು: ಶಕ್ತಿ ಎಲ್ಲಿಂದ ಬರುತ್ತದೆ? ತೋರಿಸು.

ಟಿಳಕವಾಡಿ ಗೇಟು, ಬೆಳಗಾವಿ

ಸರಿಯಾದ ಪ್ರಶ್ನೆ. ಅಟ್ಮಾಸ್ ಅಂತ ಒಂದು ಗಡಿಯಾರ ಇದೆ, ಕೀಲಿ ಕೊಡಬೇಕಿಲ್ಲ, ಬ್ಯಾಟರಿ ಇಲ್ಲ. ಕೋಣೆಯ ಬಿಸಿ ಒಂದು ಡಿಗ್ರಿ ಏರಿಳಿದರೆ ಎರಡು ದಿನ ಓಡುತ್ತದೆ. ಒಳಗಿನ ಅನಿಲ ಹಿಗ್ಗಿ ಕುಗ್ಗಿ ಸ್ಪ್ರಿಂಗ್ ಸುತ್ತುತ್ತದೆ. ಗುಟ್ಟೇ ಇಲ್ಲ, ಬಿಚ್ಚಿ ತೋರಿಸುತ್ತಾರೆ.

ಅದರ ಎದುರಿಗೆ ಐರ್ಲೆಂಡಿನ ಸ್ಟೀಯೋರ್ನ್ ಕಂಪನಿಯನ್ನು ಇಟ್ಟು ನೋಡಿ. 2006ರಲ್ಲಿ ದಿ ಎಕನಾಮಿಸ್ಟ್ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಕೊಟ್ಟು, ನಮ್ಮ ಅಯಸ್ಕಾಂತದ ಯಂತ್ರವನ್ನು ಪರೀಕ್ಷಿಸಲು ವಿಜ್ಞಾನಿಗಳು ಬನ್ನಿ ಅಂತ ಅವರೇ ಕರೆದರು. 2007ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಇಟ್ಟು, ದೀಪಗಳ ಬಿಸಿಗೆ ಕೆಟ್ಟಿತು ಅಂತ ರದ್ದು ಮಾಡಿದರು. 2009ರಲ್ಲಿ 22 ಜನರ ಮಂಡಳಿ ಒಮ್ಮತದಿಂದ, ಶಕ್ತಿ ಹುಟ್ಟುವುದನ್ನು ಕಂಪನಿ ತೋರಿಸಿಲ್ಲ ಅಂದಿತು. 2016ರಲ್ಲಿ ಕಂಪನಿ ಮುಚ್ಚಿತು. ಇಲ್ಲಿ ಯಾರು ಯಾರನ್ನು ತುಳಿದರು? ಕರೆದವರೂ ಅವರೇ, ತೋರಿಸಲಾಗದವರೂ ಅವರೇ.

ಕೃಷ್ಣಾ ದಂಡೆ, ಜಮಖಂಡಿ

ಎಲ್ಲರಿಗೂ ಬಹಳ ಧನ್ಯವಾದ. ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಗಿರಗೋಸಿಯನ್ ಕಥೆ ಬಂದಾಗ ಎರಡು ಸಲ ಓದಿಸಿದರು. ಟೆಸ್ಲಾ ಬಗ್ಗೆ ಬೇಜಾರು ಮಾಡಿಕೊಂಡರು. ಆಮೇಲೆ ಕೇಳಿದರು, "ನಮ್ಮ ಕಣ್ಣೆದುರೇ ಅವರು ಪ್ಲಗ್ ಕಿತ್ತರೂ ಬಲ್ಬ್ ಉರಿಯುತ್ತಿತ್ತಲ್ಲ, ಅದು ಹೇಗೆ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ವೈಂಡಿಂಗ್ ಅಂಗಡಿ, ಗೋಕಾಕ

ಎಷ್ಟು ಹೊತ್ತು ಉರಿಯಿತು, ಎಷ್ಟು ವ್ಯಾಟ್ ಬಲ್ಬ್, ಅದನ್ನು ಕೇಳು. 150 ಎಎಚ್ ಇನ್ವರ್ಟರ್ ಬ್ಯಾಟರಿ ಒಂದರಲ್ಲೇ 1.8 ಯೂನಿಟ್ ಇರುತ್ತದೆ. 100 ವ್ಯಾಟ್ ಬಲ್ಬನ್ನು ಹತ್ತು ತಾಸಿನ ಮೇಲೆ ಉರಿಸುತ್ತದೆ. ಆ ಯಂತ್ರದ ತಳದಲ್ಲಿ ಕಬ್ಬಿಣದ ಪೆಟ್ಟಿಗೆ ಇತ್ತಾ? ಪ್ಯಾನೆಲ್ ಬೋರ್ಡಿಗೆ ಬೀಗ ಇತ್ತಾ?

ಕೃಷ್ಣಾ ದಂಡೆ, ಜಮಖಂಡಿ

ತಳದಲ್ಲಿ ಪೆಟ್ಟಿಗೆ ಇತ್ತು, ಕಂಟ್ರೋಲ್ ಯೂನಿಟ್ ಅಂದರು. ಸೀಲ್ ಒಡೆದರೆ ವಾರಂಟಿ ಹೋಗುತ್ತದೆ ಅಂದರಂತೆ. ಉರಿದದ್ದು ಒಂದು ಬಲ್ಬ್, ಅದೂ ಚಹಾ ಕುಡಿದು ಮುಗಿಸುವಷ್ಟು ಹೊತ್ತು.

ಟಿಳಕವಾಡಿ ಗೇಟು, ಬೆಳಗಾವಿ

ಹಾಗಾದರೆ ಹೀಗೆ ಮಾಡಿ. ನಿಮ್ಮ ಹೊಲಕ್ಕೇ ತಂದು ಓಡಿಸಲು ಹೇಳಿ. ನಿಮ್ಮ 5 ಎಚ್‌ಪಿ ಬೋರ್ ಮೋಟರನ್ನೇ ಲೋಡಾಗಿ ಕೊಡಿ, ಬಲ್ಬ್ ಬೇಡ. ಹೊರ ಹೋಗುವ ಕಡೆ ಯೂನಿಟ್ ತೋರಿಸುವ ತ್ರೀ ಫೇಸ್ ಎನರ್ಜಿ ಮೀಟರ್ ಹಾಕಿ, ಮೀಟರ್ ನಿಮ್ಮದಿರಲಿ. ಶುರು ಮಾಡಿದ ಮೇಲೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಬರುವ ವೈರ್ ಬಿಚ್ಚಿ ಬದಿಗೆ ಇಡಿ. ಒಂದು ರಾತ್ರಿ, ಒಂದು ಹಗಲು ನೀರು ಎತ್ತಲಿ. ಬ್ಯಾಟರಿ ಇದ್ದರೆ ಅಷ್ಟು ಹೊತ್ತು ಬಾಳುವುದಿಲ್ಲ. ಓಡಿದರೆ ಅಡ್ವಾನ್ಸ್ ಅಲ್ಲ, ಪೂರ್ತಿ ದುಡ್ಡು ಕೊಡಿ, ನಾನೂ ಒಂದು ತಗೊಳ್ಳುತ್ತೇನೆ.

ಬನಶಂಕರಿ ಹೊಂಡ, ಬಾದಾಮಿ

ಇದು ನನಗೂ ಒಪ್ಪಿಗೆ. ಹೊಸ ಶಕ್ತಿ ಎಲ್ಲೋ ಇದೆ ಅನ್ನುವ ನಂಬಿಕೆ ನಾನು ಬಿಡುವುದಿಲ್ಲ, ಆದರೆ ಪೆಟ್ಟಿಗೆ ತೆರೆಯದವನಿಗೆ ರೈತನ ದುಡ್ಡು ಹೋಗಬಾರದು. ಪರೀಕ್ಷೆ ಗೊತ್ತಾದರೆ ಹೇಳಿ, ನಾನು ಬಂದು ರಾತ್ರಿ ಅಲ್ಲೇ ಕೂರುತ್ತೇನೆ.

ಕೃಷ್ಣಾ ದಂಡೆ, ಜಮಖಂಡಿ

ಅಪ್ಪನೇ ಫೋನ್ ಮಾಡಿ ಕೇಳಿದರು. ಮೀಟರ್ ಹಾಕಿ ಒಂದು ದಿನ ಓಡಿಸುವುದಕ್ಕೆ ಅವರು ಒಪ್ಪಲಿಲ್ಲ. ಮೊದಲು ಅರ್ಧ ದುಡ್ಡು, ಆಮೇಲೆ ಹೊಲಕ್ಕೆ ತರುತ್ತೇವೆ ಅಂದರು. ಅಪ್ಪ ಬೇಡ ಅಂದುಬಿಟ್ಟರು. ಈಗ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಅರ್ಜಿ ಹಾಕೋಣ ಅನ್ನುತ್ತಿದ್ದಾರೆ. ಇಲ್ಲಿ ಯಾರಾದರೂ 5 ಎಚ್‌ಪಿಗೆ ಹಾಕಿಸಿದ್ದೀರಾ? ಮೋಡ ಇದ್ದ ದಿನ ಎಷ್ಟು ನೀರು ಎತ್ತುತ್ತದೆ?

ಲಿಂಬೆ ತೋಟ, ಇಂಡಿ

ನಮ್ಮಲ್ಲಿ ಇದೆ ಅಣ್ಣಾ. ಸುಮಾರು 5 ಕಿಲೋವ್ಯಾಟ್ ಪ್ಯಾನೆಲ್ ಕೂರಿಸಿದ್ದಾರೆ. ಮೋಡ ದಟ್ಟ ಇದ್ದರೆ ಧಾರೆ ಸಣ್ಣಗಾಗುತ್ತದೆ, ಕೆಲವೊಮ್ಮೆ ನಿಲ್ಲುತ್ತದೆ. ಬಿಸಿಲಿಗೆ ಭರ್ತಿ ಬರುತ್ತದೆ, ರಾತ್ರಿ ಹೊಲಕ್ಕೆ ಹೋಗುವುದು ತಪ್ಪಿದೆ. ಪ್ಯಾನೆಲ್ ಮೇಲಿನ ಧೂಳು ಆಗಾಗ ತೊಳೆಯಬೇಕು. ಕಬ್ಬಿಗೆ ಹಗಲು ಮಾತ್ರ ಸಾಕಾಗುತ್ತದಾ ಅಂತ ಲೆಕ್ಕ ಹಾಕಿ, ಡ್ರಿಪ್ ಇದ್ದರೆ ಸಾಕಾಗಬಹುದು. ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತಯಾರು ಇಟ್ಟುಕೊಳ್ಳಿ. ಅರ್ಜಿಯನ್ನು ಸರ್ಕಾರಿ ಪೋರ್ಟಲಿನಲ್ಲೇ ಹಾಕಿ, ಈ ಹೆಸರಿನಲ್ಲೂ ಸುಳ್ಳು ವೆಬ್‌ಸೈಟುಗಳಿವೆ.